ಐದು ಅಡಿ ಎಲ್ಲಿ ಹೋಯಿತು

ಊರಿನಲ್ಲಿ ಯಾವ ಹಳೆಯ ಕಟ್ಟಡ ಕೆಡವಬೇಕಾದರೂ ಮೊದಲ ಕರೆ ಹೋಗುತ್ತಿದ್ದದ್ದು ಸುತ್ತಿಗೆಯಣ್ಣನಿಗೆ. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಾಲ್ತಿಯಲ್ಲಿರಲಿಲ್ಲ. ಮೂವತ್ತೊಂದು ವರ್ಷದಿಂದ ಅವನ ಕಸುಬು ಅದೊಂದೇ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತ ಯಾರಾದರೂ ಚುಚ್ಚಿದರೆ, ದೊಣ್ಣೆ ಎಲ್ಲಿಗೆ ಬೀಸಬೇಕು ಅಂತ ಕಲಿಯೋಕೆ ಹತ್ತು ವರ್ಷ ಹಿಡಿಯುತ್ತೆ ಎಂದು ಮೀಸೆಯಲ್ಲೇ ನಗುತ್ತಿದ್ದ. ಅವನು ಕಿತ್ತು ತಂದ ಬಾಗಿಲು, ಕಿಟಕಿ, ತೊಲೆಗಳನ್ನು ಮನೆಯ ಹಿಂದಿನ ಅಂಗಳದಲ್ಲಿ ಒಪ್ಪವಾಗಿ ಜೋಡಿಸಿ ಮಾರುವುದು ಹೆಂಡತಿಯ ಕೆಲಸ. ಗಿರಾಕಿ ಚೌಕಾಸಿಗೆ ನಿಂತರೆ ಆಕೆ ಮಾತೇ ಆಡುತ್ತಿರಲಿಲ್ಲ, ಬಾಗಿಲನ್ನು ಒಮ್ಮೆ ತಟ್ಟಿ ಸದ್ದು ಕೇಳಿಸುತ್ತಿದ್ದಳು ಅಷ್ಟೆ.

ಆ ಮನೆಯಲ್ಲಿ ಮೂರನೆಯವಳು ಅವನ ಅಕ್ಕನ ಮಗಳು. ಓದಲು ಬಂದು ಮಾವನ ಮನೆಯಲ್ಲೇ ಉಳಿದವಳು. ಹುಟ್ಟಿದ ಊರಿನಿಂದ ಒಂದು ಪೆಟ್ಟಿಗೆ ಬಟ್ಟೆ, ಎರಡು ಪೆಟ್ಟಿಗೆ ಮಾತು ತಂದಿದ್ದಾಳೆ ಎಂದು ಅತ್ತೆ ಅವಳಿಗೆ ಗಿಣಿ ಎಂದು ಹೆಸರಿಟ್ಟಿದ್ದಳು. ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪದ ಮೂರನೇ ವರ್ಷ. ಮಾವ ಕೆಡವುತ್ತಾನೆ, ಸೊಸೆ ಕಟ್ಟೋದು ಕಲಿಯುತ್ತಾಳೆ, ಇವರ ಮನೆಗೆ ಕೆಲಸದ ಬರ ಬರೋದಿಲ್ಲ ಬಿಡು ಎಂದು ಪಕ್ಕದ ಮನೆಯವರು ತಮಾಷೆ ಮಾಡುತ್ತಿದ್ದರು.

ಬೇಸಿಗೆ ಶುರುವಾಗುವ ಹೊತ್ತಿಗೆ ನಗರಸಭೆಯ ದಾಖಲೆ ಕಟ್ಟಡ ಕೆಡವುವ ಗುತ್ತಿಗೆ ಸುತ್ತಿಗೆಯಣ್ಣನ ಕೈಗೆ ಬಂತು. ಇಟ್ಟಿಗೆಯ ಕಟ್ಟಡ, ಒಂದೇ ಅಂತಸ್ತು, ಆದರೆ ಎತ್ತರ ಎರಡು ಅಂತಸ್ತಿನಷ್ಟು. ಒಳಗೆ ಸಾಲಾಗಿ ಮೂರು ಕೋಣೆ, ನೆಲದಿಂದ ಸೂರಿನವರೆಗೆ ಕಡತಗಳು. ಗೋಡೆಗಳಿಗೆ ಸೊಂಟದೆತ್ತರಕ್ಕೆ ತೇವ ಹತ್ತಿ, ಗಿಲಾವು ಹಪ್ಪಳದ ಹಾಗೆ ಉಬ್ಬಿತ್ತು. ಕಡತಗಳಿಗೆ ಬೂಷ್ಟು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಿದ್ದ ಗುಮಾಸ್ತೆ ಹತ್ತು ನಿಮಿಷಕ್ಕೊಮ್ಮೆ ಸೀನುತ್ತಿದ್ದಳು. ಗೋಡೆಗಳು ದುರ್ಬಲವಾಗಿವೆ, ರಿಪೇರಿ ಸಾಧ್ಯವಿಲ್ಲ ಎಂದು ನಗರಸಭೆಯ ಎಂಜಿನಿಯರ್ ಬರೆದುಕೊಟ್ಟಾಗಿತ್ತು. ನಲವತ್ತು ದಿನದಲ್ಲಿ ಜಾಗ ಖಾಲಿ ಮಾಡಿಕೊಡಬೇಕು. ಹೆಂಡತಿ ಒಂದು ಸಲ ಬಂದು ನೋಡಿ, ಸೂರಿನ ಹನ್ನೆರಡು ತೊಲೆಗಳನ್ನು ಮನಸ್ಸಿನಲ್ಲೇ ಎಣಿಸಿ, ಆಗಲೇ ಒಬ್ಬ ಗಿರಾಕಿಗೆ ಮಾತು ಕೊಟ್ಟಿದ್ದಳು.

ಊಟಕ್ಕೆ ಕೂತಾಗ ಈ ಸುದ್ದಿ ಗಿಣಿಯ ಕಿವಿಗೆ ಬಿತ್ತು. ಅವಳು ತಟ್ಟೆ ಬಿಟ್ಟು ಎದ್ದು ಮೇಡಂಗೆ ಫೋನ್ ಮಾಡಿದಳು. ಈ ಮೇಡಂ ಅವಳಿಗೆ ಹಳೆಯ ಕಟ್ಟಡಗಳ ಪಾಠ ಹೇಳುವವರು. ಆ ವರ್ಷ ಅವರು ಪರೀಕ್ಷೆಯ ಬದಲು ಒಂದು ಕೆಲಸ ಕೊಟ್ಟಿದ್ದರು: ಯಾವ ಪುಸ್ತಕದಲ್ಲೂ ಇಲ್ಲದ, ಊರಿನವರು ದಿನಾ ನೋಡಿಯೂ ನೋಡದ ಒಂದು ಕಟ್ಟಡ ಹುಡುಕಿ, ಅದನ್ನು ಇಂಚಿಂಚೂ ಅಳೆದು, ಅದರ ಕತೆ ಪತ್ತೆ ಮಾಡಿ ತರಬೇಕು. ಹನ್ನೊಂದು ವಿದ್ಯಾರ್ಥಿಗಳು ತಿಂಗಳಿಂದ ಕಟ್ಟಡ ಹುಡುಕುತ್ತಿದ್ದರು. ಈಗ ಸಿಕ್ಕಿತ್ತು, ಆದರೆ ನಲವತ್ತೇ ದಿನದ ಮಟ್ಟಿಗೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಸುತ್ತಿಗೆಯಣ್ಣ ಆಳುಗಳನ್ನು ಕರೆದುಕೊಂಡು ಬಂದರೆ, ಕಟ್ಟಡದ ಮುಂದೆ ಹನ್ನೊಂದು ಜನ ಟೇಪು, ಏಣಿ, ರಟ್ಟಿನ ಹಲಗೆ ಹಿಡಿದು ನಿಂತಿದ್ದರು. ಮೇಡಂ ನಗರಸಭೆಯ ಅನುಮತಿ ಪತ್ರವನ್ನು ಅವನ ಕೈಗಿಟ್ಟರು. ಕಡತಗಳನ್ನು ಸಾಗಿಸಲು ಹೇಗೂ ಎರಡು ವಾರ ಬೇಕು, ಅಷ್ಟರಲ್ಲಿ ಅಳೆದು ಮುಗಿಸುತ್ತೇವೆ, ನಿಮ್ಮ ಕೆಲಸಕ್ಕೆ ಅಡ್ಡ ಬರುವುದಿಲ್ಲ ಎಂದರು. ಸಾಯೋ ಮನುಷ್ಯನಿಗೆ ಅಂಗಿ ಅಳತೆ ಯಾಕೆ ಎಂದು ಅವನು ಗೊಣಗಿದ. ಆದರೆ ಸೊಸೆ ಎದುರಿಗೆ ನಿಂತಿದ್ದಳು. ಅವಳ ಕಣ್ಣು ನೋಡಿ, ಏಣಿ ಗಟ್ಟಿಯಾಗಿ ಹಿಡಿದುಕೊಳ್ಳಿ, ಬಿದ್ದು ಕೈಕಾಲು ಮುರಿದುಕೊಳ್ಳಬೇಡಿ ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದ.

ನಾಲ್ಕು ದಿನ ಅವರು ಇರುವೆಗಳ ಹಾಗೆ ಕಟ್ಟಡದ ಮೇಲೆಲ್ಲ ಹರಿದಾಡಿದರು. ಒಬ್ಬರು ಅಳತೆ ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಗುಮಾಸ್ತೆ ಸೀನುವುದು, ಎಲ್ಲರೂ ನಗುವುದು. ಐದನೆಯ ದಿನ ಮಧ್ಯಾಹ್ನ ನಗು ನಿಂತಿತು. ಸುತ್ತಿಗೆಯಣ್ಣ ಮರದ ನೆರಳಲ್ಲಿ ಚಹಾ ಕುಡಿಯುತ್ತಿದ್ದ. ಒಳಗಿನಿಂದ ಜಗಳದ ಸದ್ದು ಕೇಳಿಸಿತು. ಗಿಣಿ ಹೊರಗೆ ಬಂದವಳು ಹಲಗೆಯನ್ನು ಅವನ ಮುಂದೆ ಹಿಡಿದಳು.

"ಮಾವ, ಹೊರಗಡೆ ಉದ್ದ ಎಂಬತ್ತಾರು ಅಡಿ. ಒಳಗೆ ಮೂರು ಕೋಣೆ, ನಡುವಿನ ಗೋಡೆ, ಹೊರಗೋಡೆ ಎಲ್ಲ ಕೂಡಿಸಿದ್ರೆ ಎಂಬತ್ತೊಂದೇ ಬರ್ತಿದೆ. ಮೂರು ಸಲ ಅಳೆದಾಯ್ತು. ಐದು ಅಡಿ ಎಲ್ಲಿ ಹೋಯ್ತು?"

ಟೇಪು ಜೋಲು ಬಿಟ್ಟಿರುತ್ತೀರಿ ಎಂದ ಅವನು. ಬಿಟ್ಟಿಲ್ಲ ಎಂದಳು ಅವಳು. ಹುಡುಗರ ಅಳತೆ ಅಂದರೆ ಹೀಗೇ ಎಂದು ಚಹಾದ ಲೋಟ ಕೆಳಗಿಟ್ಟು, ತನ್ನ ಹಳೆಯ ಉಕ್ಕಿನ ಟೇಪು ತೆಗೆದ. ಹೊರಗೆ ಅಳೆದ, ಒಳಗೆ ಅಳೆದ. ಬಾಗಿಲುಗಳ ಹತ್ತಿರ ಗೋಡೆಯ ದಪ್ಪ ಅಳೆದ. ಕೂಡಿಸಿದ. ಬೆರಳಲ್ಲಿ ಇನ್ನೊಮ್ಮೆ ಕೂಡಿಸಿದ. ನಾಲ್ಕು ಅಡಿ ಹನ್ನೊಂದು ಇಂಚು ಲೆಕ್ಕಕ್ಕೆ ಸಿಗಲಿಲ್ಲ.

ಅವನು ಒಂದೊಂದು ಗೋಡೆಯನ್ನೂ ಮನಸ್ಸಿನಲ್ಲೇ ಮತ್ತೆ ಸುತ್ತಿ ಬಂದ. ಬಾಗಿಲಿರುವ ಗೋಡೆಗಳ ದಪ್ಪವೆಲ್ಲ ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಒಂದೇ, ಬಾಗಿಲು ಕಿಟಕಿ ಏನೂ ಇಲ್ಲದ ಕೊನೆಯ ಗೋಡೆ. ವಿದ್ಯಾರ್ಥಿಗಳು ಅದನ್ನೂ ಉಳಿದವುಗಳಂತೆ ಎರಡು ಅಡಿ ಎಂದು ಹಿಡಿದಿದ್ದರು. ಹಾಗಾದರೆ ಅದು ಏಳು ಅಡಿ ದಪ್ಪ. ಏಳು ಅಡಿ ಗೋಡೆ ಕೋಟೆಗೆ ಬೇಕು, ಗುಮಾಸ್ತರು ಕೂರುವ ಜಾಗಕ್ಕೆ ಯಾಕೆ? ಅವನು ಕೊನೆಯ ಕೋಣೆಗೆ ಹೋಗಿ ಕಡತದ ಕಪಾಟು ಸರಿಸಿ, ಗೋಡೆಗೆ ಕಿವಿಯಿಟ್ಟು ಗೆಣ್ಣಿನಿಂದ ತಟ್ಟಿದ. ಒಂದು ಕಡೆ ಗಟ್ಟಿ ಸದ್ದು. ಎರಡು ಮೊಳ ಆಚೆ ತಟ್ಟಿದರೆ ಡೋಲಿನ ಸದ್ದು. ಹನ್ನೊಂದು ವಿದ್ಯಾರ್ಥಿಗಳೂ ಗೋಡೆಗೆ ಕಿವಿ ಹಚ್ಚಿ ಸಾಲಾಗಿ ನಿಂತರು. ಗುಮಾಸ್ತೆ ಕೂಡ ಸೀನು ತಡೆದುಕೊಂಡು ಬಂದು ನಿಂತಳು.

ಒಡೆದು ನೋಡೋಣ ಎಂದು ಎಲ್ಲರಿಗೂ ತವಕ. ಮೇಡಂ ಮಾತ್ರ ತಡೆದರು. ಒಡೆದ ಮೇಲೆ ಮತ್ತೆ ಕೇಳುವುದಕ್ಕೆ ಆಗುವುದಿಲ್ಲ, ಮೊದಲು ಕಾಗದದಲ್ಲಿ ಹುಡುಕಿ ಎಂದರು. ದಾಖಲೆಗಳ ನಡುವೆಯೇ ಕೂತು ಈ ಕಟ್ಟಡದ ದಾಖಲೆ ಯಾರೂ ಕೇಳಲಿಲ್ಲವಲ್ಲ ಎಂದು ಅವರು ಅಂದಾಗ ಗುಮಾಸ್ತೆಯ ಮುಖ ಅರಳಿತು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವಳ ಹತ್ತಿರ ಹೀಗೆ ಬಂದು ಕೇಳಿರಲಿಲ್ಲ. ಯಾವ ಕಪಾಟಿನಲ್ಲಿ ಯಾವ ಇಸವಿ ಎನ್ನುವುದು ಅವಳಿಗೆ ಬಾಯಿಪಾಠ. ಎರಡು ದಿನ ಅವಳೂ ಐದು ವಿದ್ಯಾರ್ಥಿಗಳೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಟ್ಟುಗಳನ್ನು ಬಿಚ್ಚಿದರು. ಸುತ್ತಿಗೆಯಣ್ಣನಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಗಳಿಗೆಗೊಮ್ಮೆ ಬಾಗಿಲಲ್ಲಿ ಇಣುಕಿ, ಸಿಕ್ತಾ ಎಂದು ಕೇಳಿ ಹೋಗುತ್ತಿದ್ದ.

ಸಿಕ್ಕಿದ್ದು ಒಂದೂವರೆ ಪುಟದ ಕಾಗದ. ಹುಳ ತಿಂದಿತ್ತು, ಅಂಚು ಪುಡಿಯಾಗುತ್ತಿತ್ತು. ಗಿಣಿ ಅದನ್ನು ಎಲ್ಲರೆದುರು ಓದಿದಳು. ಕಟ್ಟಡ ಮೊದಲು ಹಣ್ಣಿನ ಮಂಡಿಯಾಗಿತ್ತು. ದಾಖಲೆ ಕಚೇರಿ ಅಲ್ಲಿಗೆ ಬಂದ ವರ್ಷ ಅಂದಿನ ಅಧಿಕಾರಿಯೊಬ್ಬ ಆಜ್ಞೆ ಹೊರಡಿಸಿದ್ದ: ಇಲಿ, ಪಾರಿವಾಳಗಳ ಕಾಟ ವಿಪರೀತವಾದ್ದರಿಂದ ನೆಲದ ಬದಿಯ ಹಾಗೂ ಹಿಂಗೋಡೆಯ ಗಾಳಿಬಾಯಿಗಳನ್ನೂ, ತಾರಸಿಯ ಮೇಲಿನ ಗಾಳಿಗೂಡನ್ನೂ ಮುಚ್ಚಿ, ಒಳಹೊರಗೆ ಸಿಮೆಂಟ್ ಗಿಲಾವು ಮಾಡತಕ್ಕದ್ದು.

ಮೇಡಂ ಕಾಗದವನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೇ ಚಿತ್ರ ಬರೆದರು. ಬಿಸಿಲಿನಲ್ಲಿ ಹಣ್ಣು ಕೆಡಬಾರದು. ಅದಕ್ಕೆ ನೆಲದ ಕೆಳಗೆ ಪೊಳ್ಳು ಬಿಟ್ಟು ಕಟ್ಟಿದ್ದಾರೆ. ಅಲ್ಲಿಯ ತಂಪು ಗಾಳಿ ಕೆಳಬಾಯಿಗಳಿಂದ ಕೋಣೆಗೆ ಬರಬೇಕು, ಕೋಣೆಯ ಬಿಸಿಗಾಳಿ ಹಿಂಗೋಡೆಯ, ಅಂದರೆ ಈ ಕೊನೆಯ ಗೋಡೆಯ, ಬಾಯಿಗಳಿಂದ ಒಳಪೊಳ್ಳಿಗೆ ಹೋಗಿ ತಾರಸಿಯಿಂದಾಚೆ ಹಾರಬೇಕು. ಗೋಡೆಯಲ್ಲ ಅದು, ಮೂಗು. ಮೂಗು ಬಾಯಿ ಎರಡೂ ಕಟ್ಟಿ, ಮೇಲೆ ಸಿಮೆಂಟಿನ ಕಂಬಳಿ ಹೊದಿಸಿದರೆ ಯಾರಾದರೂ ಬೆವರದೆ ಇರುತ್ತಾರೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು, ಇಲಿ ಮಾಡಿದ ತಪ್ಪಿಗೆ ಗೋಡೆಗೆ ಶಿಕ್ಷೆ ಎಂದ ಸುತ್ತಿಗೆಯಣ್ಣ.

ಇದು ನಮ್ಮ ಊಹೆ, ಗೋಡೆ ಹೌದು ಅನ್ನಬೇಕು ಎಂದರು ಮೇಡಂ. ಆದರೆ ಗೋಡೆ ಬಿಚ್ಚಲು ತಮಗೆ ಅನುಮತಿ ಇಲ್ಲ, ಅಳೆಯಲು ಮಾತ್ರ ಇದೆ ಎಂದು ಕೈಚೆಲ್ಲಿದರು. ವಿದ್ಯಾರ್ಥಿಗಳ ಮುಖ ಬಾಡಿತು. ಆಗ ಸುತ್ತಿಗೆಯಣ್ಣ ಪೇಟೆಯಲ್ಲಿ ಸರಕು ಬಿಚ್ಚುವವನ ಹಾಗೆ ತೋಳು ಮಡಿಸಿದ.

"ಮೇಡಂ, ಈ ಕಟ್ಟಡ ಪೂರ್ತಿ ಕೆಡವೋಕೆ ನನಗೆ ಬರೆದುಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡ್ಬೇಕು ಅಂತ ಬರೆದಿಲ್ಲ. ನಾನು ಈ ಮೂಲೆಯಿಂದ, ಅದೂ ನಾಲ್ಕೇ ಇಟ್ಟಿಗೆಯಿಂದ ಶುರು ಮಾಡ್ತೀನಿ."

ಮೂವತ್ತೊಂದು ವರ್ಷದಲ್ಲಿ ಅವನು ಅಷ್ಟು ಮೆಲ್ಲಗೆ ಯಾವ ಗೋಡೆಗೂ ಕೈ ಹಾಕಿರಲಿಲ್ಲ. ಸಿಮೆಂಟಿನ ಗಿಲಾವು ಉಳಿಯ ಪೆಟ್ಟಿಗೆ ಚಕ್ಕೆಚಕ್ಕೆಯಾಗಿ ಉದುರಿತು. ಅದರ ಹಿಂದೆ ಹಳೆಯ ಸುಣ್ಣದ ಗಾರೆ, ಕೈಯಿಂದ ಒತ್ತಿದರೆ ತಂಪು. ಇಟ್ಟಿಗೆಗಳ ಸುತ್ತ ಗಾರೆಯನ್ನು ಕೆರೆದು, ಒಂದೊಂದನ್ನೇ ಹಲ್ಲು ಕೀಳುವ ವೈದ್ಯನಂತೆ ಅಲುಗಿಸಿ ತೆಗೆದ. ಪ್ರತಿ ಇಟ್ಟಿಗೆಗೂ ಗಿಣಿ ಅಂಕಿ ಬರೆದು ಸಾಲಾಗಿ ಇಟ್ಟಳು. ನಾಲ್ಕನೆಯದು ಬಂದಾಗ ಒಳಗೆ ಕತ್ತಲೆ ಕಾಣಿಸಿತು. ಟಾರ್ಚ್ ಬಿಟ್ಟರೆ ಐದು ಅಡಿ ಅಗಲದ ಪೊಳ್ಳು, ಮೇಲಕ್ಕೆ ಬೆಳಕು ಮುಟ್ಟದಷ್ಟು ಎತ್ತರ. ಒಳಗೋಡೆ ಕನ್ನಡಿಯ ಹಾಗೆ ನುಣುಪು, ಎಲ್ಲಿಯೂ ಒಂದು ಬಿರುಕಿಲ್ಲ. ಯಾರೂ ನೋಡದ ಜಾಗಕ್ಕೆ ಯಾರೋ ಗಾರೆಯವನು ಅಷ್ಟು ಮನಸ್ಸಿಟ್ಟು ಉಜ್ಜಿದ್ದ. ಗಾಳಿ ಎಡವಬಾರದು ಅಂತ ಎಂದು ಸುತ್ತಿಗೆಯಣ್ಣ ತನಗೆ ತಾನೇ ಹೇಳಿಕೊಂಡ.

ಆಮೇಲೆ ನೆಲದ ಬದಿಯ ಎರಡು ಬಾಯಿಗಳನ್ನೂ ಬಿಚ್ಚಿದರು. ಗಿಣಿ ಒಂದು ತೆಳು ಕಾಗದದ ಪಟ್ಟಿಯನ್ನು ಗೋಡೆಯ ತೂತಿನ ಮುಂದೆ ಹಿಡಿದಳು. ಎಲ್ಲರೂ ಹತ್ತಿರ ಸರಿದರು. ಪಟ್ಟಿ ಅಲುಗಲಿಲ್ಲ. ಎರಡು ನಿಮಿಷ, ಐದು ನಿಮಿಷ. ಅವಳ ಕೈ ಸೋತಿತು, ಬೇರೊಬ್ಬಳು ಹಿಡಿದಳು. ಇಲ್ಲ. ಲೆಕ್ಕ ತಪ್ಪಿತೇನೋ ಎಂದು ಯಾರೋ ಮೆಲ್ಲಗೆ ಅಂದರು. ಗುಮಾಸ್ತೆ ನಿಟ್ಟುಸಿರು ಬಿಟ್ಟು ತನ್ನ ಕುರ್ಚಿಗೆ ಹೋದಳು.

ಸುತ್ತಿಗೆಯಣ್ಣ ಮಾತ್ರ ತಲೆಯೆತ್ತಿ ಸೂರು ನೋಡುತ್ತಿದ್ದ. ಕೆಳಗೆ ಬಾಯಿ ಬಿಚ್ಚಿದ್ದಾಯಿತು, ಮೇಲಿನ ಗೂಡು? ಅವನು ಯಾರಿಗೂ ಹೇಳದೆ ಹಾರೆ ಎತ್ತಿಕೊಂಡು ಏಣಿ ಹತ್ತಿದ. ಐವತ್ತೆಂಟರ ಮೊಣಕಾಲು, ಆದರೂ ಆ ಹೊತ್ತು ಹದಿನೆಂಟರ ಹಾಗೆ ಬಾಗಿತು. ತಾರಸಿ ಕಾದ ಹೆಂಚಿನಂತಿತ್ತು. ಹಿಂಗೋಡೆಯ ನೆತ್ತಿಯಲ್ಲಿ ಒಂದು ಸಿಮೆಂಟ್ ಚಪ್ಪಡಿ, ಅಂಚುಗಳಿಗೆ ಡಾಂಬರು ಬಳಿದಿದ್ದರು. ಅಲ್ಲಿ ನಿಂತಾಗ ಅವನಿಗೆ ತೊಲೆಗಳ ನೆನಪಾಯಿತು, ಹೆಂಡತಿ ಗಿರಾಕಿಗೆ ಕೊಟ್ಟ ಮಾತಿನ ನೆನಪಾಯಿತು. ಈ ಚಪ್ಪಡಿ ಎತ್ತದೆ ಕೆಳಗಿಳಿದರೆ ಯಾರೂ ಕೇಳುವುದಿಲ್ಲ. ಇನ್ನೊಂದು ತಿಂಗಳಿಗೆ ಇಲ್ಲಿ ಬಯಲು. ಅವನು ಹಾರೆಯನ್ನು ಅಂಚಿಗೆ ಕೊಟ್ಟು ಮೈಭಾರವನ್ನೆಲ್ಲ ಹಾಕಿದ.

ಚಪ್ಪಡಿ ಒಂದು ಗೇಣು ಎದ್ದಿತು. ಬುಸ್ಸೆಂದು ಬಿಸಿಗಾಳಿ ಅವನ ಮುಖಕ್ಕೆ ಬಡಿಯಿತು. ಮೂಗಿಗೆ ಹಳೆಯ ಕಾಗದ, ಬೂಷ್ಟು, ಹಲವು ವರ್ಷದ ಧೂಳಿನ ವಾಸನೆ. ಕಣ್ಣು ತುಂಬ ಕಸ. ಅವನು ಕೆಮ್ಮುತ್ತ ಪಕ್ಕಕ್ಕೆ ಸರಿದು ಚಪ್ಪಡಿಯನ್ನು ಪೂರ್ತಿ ಮಗುಚಿದ. ಕೆಳಗಿನಿಂದ ಮೊದಲು ಒಂದು ಕಿರುಚಾಟ, ಆಮೇಲೆ ಹನ್ನೊಂದು ಗಂಟಲಿನ ಕೂಗು ಆ ಪೊಳ್ಳಿನಲ್ಲೇ ಏರಿ ಬಂದು ಅವನ ಕಾಲ ಬುಡದಲ್ಲಿ ಸಿಡಿಯಿತು. ಏನಾಯಿತೋ ಎಂದು ಅವನು ಗಾಬರಿಯಿಂದ ಬಗ್ಗಿ ನೋಡಿದ. ಅಷ್ಟರಲ್ಲಿ ಒಂದು ಕಾಗದದ ಪಟ್ಟಿ ಗಿರಗಿರ ತಿರುಗುತ್ತ ಕತ್ತಲೆಯಿಂದ ಮೇಲೆದ್ದು, ಅವನ ಮೂಗಿನ ಮುಂದೆಯೇ ಆಕಾಶಕ್ಕೆ ಹಾರಿಹೋಯಿತು.

ಅವನು ಏಣಿ ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಕೋಣೆಯಲ್ಲಿ ಗುಮಾಸ್ತೆ ಹಾರುತ್ತಿದ್ದ ಕಾಗದಗಳ ಹಿಂದೆ ಓಡುತ್ತಿದ್ದಳು, ಓಡುತ್ತಲೇ ನಗುತ್ತಿದ್ದಳು. ನೆಲದ ಬದಿಯ ಬಾಯಿಂದ ತಣ್ಣನೆಯ ಗಾಳಿ ಬಂದು ಕಾಲಿಗೆ ತಾಗುತ್ತಿತ್ತು. ವಿದ್ಯಾರ್ಥಿಗಳು ಚಪ್ಪಲಿ ಬಿಚ್ಚಿ ಅದರ ಮುಂದೆ ಪಾದ ಚಾಚಿ ಕೂತಿದ್ದರು. ಗಿಣಿಯಂಥ ಗಿಣಿಗೇ ಮಾತು ನಿಂತುಹೋಗಿತ್ತು. ಮಾವನ ಧೂಳು ಮೆತ್ತಿದ ಮುಖ ನೋಡಿ ಅವಳು ಅವನ ಕೈ ಹಿಡಿದುಕೊಂಡಳು, ಅಷ್ಟೇ.

ಅಂದಿನಿಂದ ಆ ಕಟ್ಟಡದಲ್ಲಿ ಹಬ್ಬದ ಸಡಗರ. ಪಾಠ ಬಿಟ್ಟ ಮೇಲೆ ಬೇರೆ ತರಗತಿಯವರೂ ಬರತೊಡಗಿದರು. ಬಾಯಿಗಳನ್ನೆಲ್ಲ ಬಿಚ್ಚಿ, ಇಲಿ ಪಾರಿವಾಳ ಬರದಂತೆ ಜಾಲರಿ ಬಿಗಿದರು. ಒಂದು ಗೋಡೆಯ ಸಿಮೆಂಟನ್ನು ಸುತ್ತಿಗೆಯಣ್ಣ ಪೂರ್ತಿ ಕೆತ್ತಿ ತೆಗೆದ. ತೇವದ ಅಂಚು ಎಲ್ಲಿದೆ ಎಂದು ವಿದ್ಯಾರ್ಥಿಗಳು ದಿನವೂ ಬೆಳಿಗ್ಗೆ ಗೋಡೆಯ ಮೇಲೆ ಗೆರೆ ಎಳೆದು ತಾರೀಕು ಬರೆದರು. ಮೊದಲ ಮೂರು ದಿನ ಗೆರೆ ಕದಲಲಿಲ್ಲ. ನಾಲ್ಕನೆಯ ದಿನ ಒಂದು ಬೆರಳು ಇಳಿಯಿತು. ಹನ್ನೆರಡು ದಿನಕ್ಕೆ ಒಂದು ಮೊಳ. ಬೆಳಿಗ್ಗೆ ಆರಕ್ಕೇ ಸುತ್ತಿಗೆಯಣ್ಣ ಬೀಗ ತೆಗೆಸಿ ಗೆರೆ ನೋಡುತ್ತಿದ್ದ. ಹೊಸ ಮಗುವಿನ ತೂಕ ನೋಡೋ ಅಪ್ಪನ ಹಾಗೆ ಆಡ್ತಾನೆ ಎಂದು ಗಿಣಿ ಮನೆಯಲ್ಲಿ ಹೇಳಿ ನಗಿಸಲು ನೋಡಿದಳು.

ಅತ್ತೆ ನಗಲಿಲ್ಲ. ಇದು ಉಳಿದುಬಿಟ್ಟರೆ ತೊಲೆಯ ಗಿರಾಕಿಗೆ ನಾನು ಯಾವ ಮುಖ ತೋರಿಸಲಿ ಎಂದು ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಕಟ್ಟಡಕ್ಕೆ ತಾನೇ ಬಂದಳು. ಕೋಣೆಯ ನಡುವೆ ನಿಂತು ಸೂರು ನೋಡಿದಳು, ಸೆರಗಿನಿಂದ ಬೆವರು ಒರೆಸಹೋದಳು, ಒರೆಸಲು ಬೆವರಿರಲಿಲ್ಲ. ಒಂದು ತೊಲೆಗೆ ಉದ್ದನೆಯ ಕೋಲಿನಿಂದ ತಟ್ಟಿಸಿ ಸದ್ದು ಕೇಳಿದಳು. ಇಂಥ ತೊಲೆ ಇನ್ನೆಲ್ಲೂ ಸಿಗಲ್ಲ ಎಂದಳು. ಗಂಡ ತಲೆ ತಗ್ಗಿಸಿದ. ಸಿಗಲ್ಲ, ಅದಕ್ಕೇ ಅಲ್ಲೇ ಇರಲಿ ಎಂದು ಹೇಳಿ, ಗಿರಾಕಿಗೆ ಬೇರೇನೋ ಹೊಂದಿಸಲು ಹೊರಟುಹೋದಳು.

ಕೆಡವುವುದು ಬೇಡ ಎಂದು ಮೇಡಂ ಕೊಟ್ಟ ಅರ್ಜಿ ನಗರಸಭೆಯ ಸಭೆಗೆ ಬಂದದ್ದು ಮೂವತ್ತನಾಲ್ಕನೆಯ ದಿನ. ಮೇಡಂ ನಕ್ಷೆಗಳನ್ನು ಹರಡಿದರು, ಗಿಣಿ ಆ ಒಂದೂವರೆ ಪುಟ ಓದಿದಳು, ಉಳಿದವರು ಗೆರೆಗಳ ಫೋಟೋ ತೋರಿಸಿದರು. ಸದಸ್ಯರು ಆಸಕ್ತಿಯಿಂದಲೇ ಕೇಳಿದರು. ಆದರೆ ಎಂಜಿನಿಯರ್, ಇದೆಲ್ಲ ಚೆನ್ನಾಗಿದೆ, ಗೋಡೆ ದುರ್ಬಲ ಎಂಬ ವರದಿ ಇರುವಾಗ ನಾಳೆ ಯಾರ ತಲೆ ಮೇಲಾದರೂ ಬಿದ್ದರೆ ಹೊಣೆ ಯಾರದು ಎಂದು ಕೇಳಿದ. ಕೇಳಿದ್ದು ತಪ್ಪಲ್ಲ. ವಿದ್ಯಾರ್ಥಿಗಳು ಮೇಡಂ ಕಡೆ ನೋಡಿದರು. ಮೇಡಂ ಹೇಳಿದರೆ ಅದು ಪುಸ್ತಕದ ಮಾತಾಗುತ್ತಿತ್ತು.

ಬಾಗಿಲ ಬಳಿ ನಿಂತಿದ್ದ ಸುತ್ತಿಗೆಯಣ್ಣ ಮುಂದೆ ಬಂದ. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ, ಕೈ ಎಲ್ಲಿಡಬೇಕು ಎಂದೇ ತಿಳಿಯಲಿಲ್ಲ.

"ಸ್ವಾಮಿ, ಈ ಊರಲ್ಲಿ ಮುನ್ನೂರು ಗೋಡೆ ಬೀಳಿಸಿದ್ದೀನಿ. ಬೀಳೋ ಗೋಡೆ ಹೇಗಿರುತ್ತೆ ಅಂತ ನನ್ನ ಕೈಗೆ ಗೊತ್ತು. ಇದು ಬೀಳೋ ಗೋಡೆ ಅಲ್ಲ. ನಾಲ್ಕು ಇಟ್ಟಿಗೆ ತೆಗೆಯೋಕೆ ನನಗೆ ಅರ್ಧ ದಿನ ಹಿಡೀತು. ಗಿಲಾವು ಉದುರಿದ್ದನ್ನ ನೋಡಿ ಗೋಡೆ ಸತ್ತಿದೆ ಅಂದ್ಕೊಂಡ್ರಿ. ಕೆಡವಿದ್ರೆ ಲಾಭ ನನಗೇ. ಆದ್ರೂ ಹೇಳ್ತಿದ್ದೀನಿ, ಇದನ್ನ ನಾನು ಕೆಡವಲ್ಲ."

ಸದಸ್ಯರೆಲ್ಲ ಎಂಜಿನಿಯರ್ ಕಡೆ ತಿರುಗಿದರು. ಎಂಜಿನಿಯರ್ ಕೆಟ್ಟ ಮನುಷ್ಯನಲ್ಲ, ತಾನು ಹೊರಗಿನಿಂದಷ್ಟೇ ನೋಡಿ ಬರೆದದ್ದು ಎಂದು ಒಪ್ಪಿಕೊಂಡ. ಮರುದಿನ ತಾನೇ ಬಂದು ಪೊಳ್ಳಿನೊಳಗೆ ಟಾರ್ಚ್ ಬಿಟ್ಟು ನೋಡಿದ, ಗೋಡೆಯ ಗಟ್ಟಿತನ ಪರೀಕ್ಷಿಸಿದ. ಸಂಜೆಯವರೆಗೂ ಹೊರಗೆ ಬರಲಿಲ್ಲ. ವಾರದೊಳಗೆ ಹೊಸ ವರದಿ ಬಂತು, ಕೆಡವುವ ಆದೇಶ ರದ್ದಾಯಿತು. ಕಟ್ಟಡವನ್ನು ಸರಿಪಡಿಸುವ ಕೆಲಸ ಒಂದು ವರ್ಷದ ಮಟ್ಟಿಗೆ ವಿಶ್ವವಿದ್ಯಾಲಯಕ್ಕೆ, ಸಿಮೆಂಟ್ ಬಿಚ್ಚಿ ಸುಣ್ಣದ ಗಾರೆ ಹಚ್ಚಿಸುವ ಉಸ್ತುವಾರಿ ಸುತ್ತಿಗೆಯಣ್ಣನಿಗೆ. ಗಾರೆ ಅರೆಯುವುದು ಅವನಿಗೆ ಬರುತ್ತಿರಲಿಲ್ಲ. ಬಿಚ್ಚಿದವನಿಗೆ ಹೇಗೆ ಕಟ್ಟಿದ್ದರು ಅಂತ ಗೊತ್ತು, ಹಿಂದಿನಿಂದ ಮುಂದಕ್ಕೆ ಓದಿದರಾಯಿತು ಎಂದು ಧೈರ್ಯವಾಗಿ ಒಪ್ಪಿಕೊಂಡ. ಮೊದಲ ಎರಡು ಹದ ಕೆಟ್ಟವು. ಮೂರನೆಯದು ನಿಂತಿತು. ಗುಮಾಸ್ತೆಯ ಸೀನು ಪೂರ್ತಿ ನಿಲ್ಲಲಿಲ್ಲ, ಆದರೆ ದಿನಕ್ಕೆ ಎರಡು ಮೂರಕ್ಕೆ ಇಳಿಯಿತು.

ಮುಂದಿನ ವರ್ಷದ ತರಗತಿ ಶುರುವಾದಾಗ ಮೇಡಂ ಅವನನ್ನು ವಿಶ್ವವಿದ್ಯಾಲಯಕ್ಕೆ ಕರೆಸಿದರು. ಹಿಂದಿನ ವರ್ಷ ಆ ಪಾಠಕ್ಕೆ ಹನ್ನೊಂದು ಜನ ಇದ್ದರೆ, ಈಗ ಅರವತ್ತು ಜನ ಕೂತಿದ್ದರು, ಕುರ್ಚಿ ಸಾಲದೆ ಕೆಲವರು ಮೆಟ್ಟಿಲ ಮೇಲೆ. ಸುತ್ತಿಗೆಯಣ್ಣ ಶಾಲೆ ಬಿಟ್ಟದ್ದು ಆರನೆಯ ತರಗತಿಗೆ, ಆಮೇಲೆ ಕಪ್ಪು ಹಲಗೆಯ ಮುಂದೆ ನಿಂತದ್ದು ಅದೇ ಮೊದಲು. ಬರೆದುಕೊಂಡು ಬಂದಿದ್ದ ಚೀಟಿ ಜೇಬಿನಲ್ಲೇ ಉಳಿಯಿತು. ನಾನು ಮೂವತ್ತೊಂದು ವರ್ಷ ಕಟ್ಟಡಗಳನ್ನು ಬಿಚ್ಚಿದೆ, ಒಂದನ್ನೂ ಓದಲಿಲ್ಲ ಎಂದ. ಅವುಗಳಲ್ಲಿ ಏನೇನಿತ್ತೋ, ಎಷ್ಟು ಗೋಡೆಗಳ ಮೂಗು ಮುರಿದೆನೋ ದೇವರಿಗೇ ಗೊತ್ತು. ನೀವು ಓದು ಬಲ್ಲವರು. ನಾನು ಬರೋ ಮುಂಚೆ ನೀವು ಹೋಗಿ. ಅಳೀರಿ, ತಟ್ಟಿ, ಅಲ್ಲಿ ಕೂರೋರನ್ನ ಕೇಳಿ. ಲೆಕ್ಕ ಕೂಡಿ ಬರಲಿಲ್ಲ ಅಂದ್ರೆ ಟೇಪನ್ನ ಬೈಬೇಡಿ.

ಅವನು ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ತನ್ನ ಅಜ್ಜಿ ಕೆಲಸ ಮಾಡುತ್ತಿದ್ದ ಹಳೆಯ ನೀರೆತ್ತುವ ಮನೆಯೊಂದಿದೆ, ಈಗ ಬೀಗ ಹಾಕಿದ್ದಾರೆ, ಅದರ ನೆಲದ ಮೇಲೆ ನಡೆದರೆ ಒಂದು ಕಡೆ ಬೇರೆ ಥರ ಸದ್ದು ಬರುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು ಎಂದಳು. ಅರವತ್ತು ತಲೆಗಳೂ ಒಟ್ಟಿಗೆ ಅತ್ತ ತಿರುಗಿದವು. ಮಾವನ ಮಾತು ಕೇಳಲು ಬಂದು ಮೊದಲ ಸಾಲಿನಲ್ಲಿ ಕೂತಿದ್ದ ಗಿಣಿ ಆಗಲೇ ಚೀಲ ಹೆಗಲಿಗೇರಿಸುತ್ತಿದ್ದಳು. ಗಂಟೆ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಸುತ್ತಿಗೆಯಣ್ಣ ಮೇಡಂ ಕಡೆ ನೋಡಿದ, ಮೇಡಂ ಬಾಗಿಲ ಕಡೆ ನೋಡಿದರು.

"ನಿಮ್ಮಜ್ಜಿ ಈಗ ಮನೇಲಿದ್ದಾರೇನಮ್ಮ?" ಎಂದು ಅವನು ಆ ಹುಡುಗಿಯನ್ನು ಕೇಳಿದ. "ಅಲ್ಲಿಗೆ ಯಾವ ಬಸ್ಸು ಹೋಗುತ್ತೆ?"